ನಾಲ್ಕು ತಂತಿ, ನಾಲ್ಕು ವರ್ಷ

ನಮಗೆಲ್ಲ ಮನೆಯಿಂದ ಸಿಕ್ಕಿರೋದು ನಾಲ್ಕು ವರ್ಷ. ಎಂಟು ಸೆಮಿಸ್ಟರಿನ ಫೀಸು, ಹಾಸ್ಟೆಲ್ಲು, ಮೆಸ್ ಬಿಲ್ಲು ಎಲ್ಲ ಅಪ್ಪ ಅಮ್ಮ ನೋಡ್ಕೋತಾರೆ. ಆಮೇಲೆ ನಿನ್ನ ದಾರಿ ನೀನು ನೋಡ್ಕೋ ಅನ್ನೋದು ಯಾರೂ ಬಾಯಿಬಿಟ್ಟು ಹೇಳದ ಒಪ್ಪಂದ. ಅಮೆರಿಕದ ಕ್ಯಾಲಿಫೋರ್ನಿಯಾದ ಒಬ್ಬ ಹುಡುಗನಿಗೂ ಇಂಥದ್ದೇ ಒಪ್ಪಂದ ಇತ್ತು. ಸಂಗೀತವೇ ನನ್ನ ಬದುಕು ಅಂದ ಮಗನಿಗೆ ಅಪ್ಪ ಅಮ್ಮ ನಾಲ್ಕು ವರ್ಷ ಬಾಡಿಗೆ, ಊಟದ ಖರ್ಚು ಕೊಡಲು ಒಪ್ಪಿದರು. ಅಷ್ಟರಲ್ಲಿ ಏನೂ ಪ್ರಗತಿ ಕಾಣದಿದ್ದರೆ ಕೆಲಸಕ್ಕೆ ಸೇರಬೇಕು ಅನ್ನೋದು ಷರತ್ತು. ಆ ಹುಡುಗನೇ ಕ್ಲಿಫ್ ಬರ್ಟನ್. ನಮ್ಮ ಕ್ಯಾಂಪಸ್ಸಿನ ಕಪ್ಪು ಟೀ ಶರ್ಟುಗಳ ಮೇಲೆ ಇವತ್ತಿಗೂ ಕಾಣೋ ಮೆಟಾಲಿಕಾ ಬ್ಯಾಂಡಿನ ಬೇಸ್ ಗಿಟಾರ್ ವಾದಕ.

ಕ್ಲಿಫ್ ಹುಟ್ಟಿದ್ದು 1962ರ ಫೆಬ್ರವರಿ 10ರಂದು, ಕ್ಯಾಸ್ಟ್ರೋ ವ್ಯಾಲಿ ಅನ್ನೋ ಊರಲ್ಲಿ. ಅಪ್ಪ ರೇ, ಅಮ್ಮ ಜಾನ್. ಮೂರು ಮಕ್ಕಳಲ್ಲಿ ಇವನೇ ಕೊನೆಯವನು. ಮನೇಲಿ ಶಾಸ್ತ್ರೀಯ ಸಂಗೀತದ ರುಚಿ ಹಚ್ಚಿದ್ದು ಅಪ್ಪ. ಚಿಕ್ಕಂದಿನಲ್ಲೇ ಪಿಯಾನೋ ಪಾಠ ಶುರುವಾಯ್ತು. 1975ರಲ್ಲಿ ಅಣ್ಣ ಸ್ಕಾಟ್ ಮಿದುಳಿನ ರಕ್ತನಾಳ ಒಡೆದು ತೀರಿಕೊಂಡ. ಕ್ಲಿಫ್‌ಗೆ ಆಗ 13 ವರ್ಷ. ಅಣ್ಣನಿಗೋಸ್ಕರ ಅತ್ಯುತ್ತಮ ಬೇಸ್ ವಾದಕನಾಗ್ತೀನಿ ಅಂತ ಹೇಳಿ ವಾದ್ಯ ಹಿಡಿದ. ದಿನಕ್ಕೆ ಆರು ಗಂಟೆವರೆಗೂ ಅಭ್ಯಾಸ. ಹೆಸರು ಬಂದ ಮೇಲೂ ಆ ರೂಢಿ ಬಿಡಲಿಲ್ಲ.

ಬೇಸ್ ಅಂದ್ರೆ ಸಾಮಾನ್ಯವಾಗಿ ಯಾರೂ ತಿರುಗಿ ನೋಡದ ವಾದ್ಯ. ನಾಲ್ಕೇ ತಂತಿ. ಅದರ ಅತಿ ತಗ್ಗಿನ ತಂತಿ ಸುಮಾರು 41 ಹರ್ಟ್ಸ್‌ನಲ್ಲಿ ಕಂಪಿಸುತ್ತೆ, ಗಿಟಾರಿನ ಅತಿ ತಗ್ಗಿನ ತಂತಿಗಿಂತ ಒಂದು ಆಕ್ಟೇವ್ ಕೆಳಗೆ. ಕಟ್ಟಡದ ಪಾಯದ ಹಾಗೆ, ಇದ್ದಾಗ ಗೊತ್ತಾಗಲ್ಲ, ಇಲ್ಲದಿದ್ದರೆ ಎಲ್ಲಾ ಅಲ್ಲಾಡುತ್ತೆ. ಕ್ಲಿಫ್ ಈ ವಾದ್ಯಕ್ಕೆ ಡಿಸ್ಟಾರ್ಶನ್, ವಾ ಪೆಡಲ್ ಜೋಡಿಸಿ ಗಿಟಾರಿನಂತೆ ಹಾಡಿಸಿದ.

1982ರಲ್ಲಿ ಅವನು ಟ್ರಾಮಾ ಅನ್ನೋ ಬ್ಯಾಂಡಿನಲ್ಲಿದ್ದ. ಲಾಸ್ ಏಂಜಲೀಸ್‌ನ ಒಂದು ಕ್ಲಬ್ಬಿನಲ್ಲಿ ಅವರ ಕಾರ್ಯಕ್ರಮ ನೋಡೋಕೆ ಜೇಮ್ಸ್ ಹೆಟ್‌ಫೀಲ್ಡ್, ಲಾರ್ಸ್ ಉಲ್ರಿಕ್ ಬಂದಿದ್ದರು. ಭರ್ಜರಿ ಗಿಟಾರ್ ಸೋಲೋ ಕೇಳಿ ಗಿಟಾರಿಸ್ಟ್ ಯಾರು ಅಂತ ಹುಡುಕಿದರೆ, ನುಡಿಸ್ತಾ ಇದ್ದವನು ಬೇಸ್ ವಾದಕ! ನಮ್ಮ ಬ್ಯಾಂಡಿಗೆ ಬಾ ಅಂತ ಕರೆದರು. ಅವನು ಒಂದು ಷರತ್ತು ಹಾಕಿದ. ನಾನು ನಿಮ್ಮೂರಿಗೆ ಬರಲ್ಲ, ನೀವೇ ಇಲ್ಲಿಗೆ ಬನ್ನಿ ಅಂದ. ಮೆಟಾಲಿಕಾ ಲಾಸ್ ಏಂಜಲೀಸ್ ಬಿಟ್ಟು ಸ್ಯಾನ್ ಫ್ರಾನ್ಸಿಸ್ಕೋ ಕಡೆಗೆ ಬಂತು. ಒಬ್ಬ ಬೇಸ್ ವಾದಕನಿಗಾಗಿ ಇಡೀ ಬ್ಯಾಂಡೇ ಊರು ಬದಲಿಸಿತು.

1983ರ ಮೊದಲ ಆಲ್ಬಂ 'ಕಿಲ್ ಎಮ್ ಆಲ್' ಬರೀ ವೇಗ, ಬರೀ ಸಿಟ್ಟು. ಮುಂದಿನ ವರ್ಷದ 'ರೈಡ್ ದಿ ಲೈಟ್ನಿಂಗ್' ಹೊತ್ತಿಗೆ ಏನೋ ಬದಲಾಗಿತ್ತು. ಸ್ವರಗಳನ್ನು ಒಂದರ ಮೇಲೊಂದು ಹೇಗೆ ಕೂರಿಸೋದು ಅಂತ ಬ್ಯಾಂಡಿಗೆ ತೋರಿಸಿದವನು ಕ್ಲಿಫ್. ಬಾಖ್‌ನ ಸಂಗೀತ ಅವನಿಗೆ ಅಚ್ಚುಮೆಚ್ಚು. ಇತ್ತ ಹೆಟ್‌ಫೀಲ್ಡ್ ಕೂಡ 16ನೇ ವಯಸ್ಸಿಗೆ ಕ್ಯಾನ್ಸರಿನಿಂದ ಅಮ್ಮನನ್ನು ಕಳ್ಕೊಂಡವನು. ಬಾಸ್ಟನ್‌ನಲ್ಲಿ ಬ್ಯಾಂಡಿನ ಸಲಕರಣೆ ಕಳುವಾದ ದಿನಗಳಲ್ಲಿ ಹುಟ್ಟಿದ್ದು 'ಫೇಡ್ ಟು ಬ್ಲ್ಯಾಕ್'. ಬದುಕೇ ಸಾಕು ಅನ್ನಿಸಿದವನ ಮನಸ್ಸಿನ ಹಾಡು ಅದು, ಮೆಲ್ಲಗೆ ಶುರುವಾಗುತ್ತೆ. ಮೆಟಲ್ ಬ್ಯಾಂಡ್ ಅಳಬಾರದು ಅನ್ನೋ ಹಳೇ ಅಭಿಮಾನಿಗಳು ಬೈದರು. ಆದರೆ ಕತ್ತಲಲ್ಲಿ ಒಬ್ಬರೇ ಕೂತಿದ್ದ ಎಷ್ಟೋ ಜನರಿಗೆ, ನನ್ನ ಹಾಗೆ ಇನ್ನೊಬ್ಬನೂ ಇದ್ದಾನೆ ಅಂತ ಅನ್ನಿಸಿದ್ದು ಆ ಹಾಡಿನಿಂದಲೇ.

1986ರ ಮಾರ್ಚ್‌ನಲ್ಲಿ 'ಮಾಸ್ಟರ್ ಆಫ್ ಪಪೆಟ್ಸ್' ಬಂತು. ಅದರಲ್ಲಿನ 'ಓರಿಯನ್'ಗೆ ಸಾಹಿತ್ಯವೇ ಇಲ್ಲ. ನಡುವೆ ಎಲ್ಲ ಗದ್ದಲ ನಿಂತು ಬೇಸ್ ಒಂದೇ ಉಳಿಯುತ್ತೆ. ಹೆಡ್‌ಫೋನ್ ಹಾಕ್ಕೊಂಡು ಅಲ್ಲಿಂದ ಕೇಳಿ ನೋಡಿ, ಅದೇ ಕ್ಲಿಫ್.

ಅದೇ ಸೆಪ್ಟೆಂಬರ್ 26ರಂದು ಸ್ಟಾಕ್‌ಹೋಮ್‌ನಲ್ಲಿ ಕಾರ್ಯಕ್ರಮ ಮುಗಿಸಿ ಬ್ಯಾಂಡ್ ರಾತ್ರಿ ಬಸ್ಸಿನಲ್ಲಿ ಹೊರಟಿತು. ಯಾವ ಬರ್ತ್ ಯಾರಿಗೆ ಅಂತ ಕ್ಲಿಫ್ ಮತ್ತು ಗಿಟಾರಿಸ್ಟ್ ಕರ್ಕ್ ಹ್ಯಾಮೆಟ್ ಇಸ್ಪೀಟ್ ಎಲೆ ಎತ್ತಿದರು. ಗೆದ್ದವನು ಕ್ಲಿಫ್. ಕರ್ಕ್‌ನ ಬರ್ತ್ ಆರಿಸಿಕೊಂಡು ಮಲಗಿದ. ಮರುದಿನ ಬೆಳಗಿನ ಜಾವ, ಸ್ವೀಡನ್ನಿನ ಡೋರಾರ್ಪ್ ಹತ್ತಿರ ಬಸ್ಸು ಮಗುಚಿತು. ಕಿಟಕಿಯಿಂದ ಹೊರಗೆ ಬಿದ್ದ ಕ್ಲಿಫ್ ಬಸ್ಸಿನಡಿ ಸಿಕ್ಕಿ ಸತ್ತ. ವಯಸ್ಸು 24. ನಮ್ಮ ಫೈನಲ್ ಇಯರ್ ಅಣ್ಣಂದಿರಿಗಿಂತ ಎರಡು ಮೂರು ವರ್ಷ ದೊಡ್ಡವನು, ಅಷ್ಟೇ. ಅಂತ್ಯಕ್ರಿಯೆಯಲ್ಲಿ 'ಓರಿಯನ್' ಹಾಕಿದರು.

ಬ್ಯಾಂಡ್ ನಿಲ್ಲಲಿಲ್ಲ. ಜೇಸನ್ ನ್ಯೂಸ್ಟೆಡ್ ಬಂದ. ಆದರೆ 1988ರ 'ಅಂಡ್ ಜಸ್ಟಿಸ್ ಫಾರ್ ಆಲ್' ಕೇಳಿದರೆ ಬೇಸ್ ಹೆಚ್ಚುಕಡಿಮೆ ಕೇಳಿಸೋದೇ ಇಲ್ಲ. ಮಿಕ್ಸಿಂಗ್‌ನಲ್ಲಿ ಅದನ್ನು ಅಷ್ಟು ಇಳಿಸಿದ್ದರು. ಕಾರಣ ಏನೇ ಇರಲಿ, ನಮಗಂತೂ ಅದು ಖಾಲಿ ಬಿಟ್ಟ ಕುರ್ಚಿಯ ಹಾಗೆ ಕೇಳಿಸುತ್ತೆ. ಅದೇ ಆಲ್ಬಂನ 'ಟು ಲಿವ್ ಈಸ್ ಟು ಡೈ'ನಲ್ಲಿ ಅವನು ಬಿಟ್ಟುಹೋದ ಸ್ವರದ ತುಣುಕುಗಳಿವೆ.

2011ರ ಅಕ್ಟೋಬರ್ 30ರಂದು ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿತು. ಅಷ್ಟರಲ್ಲಿ ಕ್ಲಿಫ್ ಹೋಗಿ 25 ವರ್ಷ ದಾಟಿತ್ತು. ನಾವಾಗ ಸ್ಲೇಟು ಬಳಪ ಹಿಡ್ಕೊಂಡು ಓಡಾಡ್ತಿದ್ದವರು. ಆ ರಾತ್ರಿ ಬೆಂಗಳೂರು ಕೂಗಾಡಿದ ಎಷ್ಟೋ ಹಾಡುಗಳಿಗೆ ಪಾಯ ಹಾಕಿದವನು ವೇದಿಕೆ ಮೇಲೆ ಇರಲಿಲ್ಲ.

ಇನ್ನೊಂದು ವಿಷಯ ಹೇಳಿ ಮುಗಿಸ್ತೀವಿ. ಮಗನ ಹೆಸರಲ್ಲಿ ಬರುತ್ತಿದ್ದ ರಾಯಧನವನ್ನು ಅಪ್ಪ ರೇ ಬರ್ಟನ್ ತಾನಿಟ್ಟುಕೊಳ್ಳದೆ, ಮಗ ಓದಿದ ಹೈಸ್ಕೂಲಿನಲ್ಲಿ ಸಂಗೀತ ಕಲಿಯೋ ಮಕ್ಕಳ ಸ್ಕಾಲರ್‌ಶಿಪ್‌ಗೆ ಕೊಟ್ಟ. ನಾಲ್ಕು ವರ್ಷ ಟೈಮ್ ಕೊಟ್ಟಿದ್ದ ಅದೇ ಅಪ್ಪ, ಗುರುತು ಪರಿಚಯ ಇಲ್ಲದ ಮಕ್ಕಳಿಗೂ ಒಂದಿಷ್ಟು ಟೈಮ್ ಕೊಟ್ಟ ಹಾಗಾಯ್ತು. ನಮ್ಮ ನಾಲ್ಕು ವರ್ಷ ಇನ್ನೂ ಮುಗಿದಿಲ್ಲ. ಯಾರೂ ತಿರುಗಿ ನೋಡದ ಕೆಲಸವೇ ನಮ್ಮ ಪಾಲಿಗೆ ಬಂದಿದ್ದರೂ ಪರವಾಗಿಲ್ಲ, ಅದನ್ನ ಕ್ಲಿಫ್ ಥರ ಮಾಡೋಣ.