ಅನ್ನವಿಟ್ಟು ಅಕ್ಷರ ಕಲಿಸಿದ ದೊರೆ

ಕೊಲ್ಹಾಪುರಕ್ಕೆ ಹೋಗುವ ಕನ್ನಡಿಗರು ಸಾಮಾನ್ಯವಾಗಿ ಮಹಾಲಕ್ಷ್ಮಿಯ ದರ್ಶನ ಮುಗಿಸಿ, ಒಂದು ಜೊತೆ ಚಪ್ಪಲಿ ಕೊಂಡು ಮರಳುತ್ತಾರೆ. ನಾನು ಮಾತ್ರ ದಸರಾ ಚೌಕದ ಆಸುಪಾಸಿನ ಹಳೆಯ ಬೋರ್ಡಿಂಗುಗಳನ್ನು ನೋಡದೆ ಬಂದವನಲ್ಲ. ಹೈಸ್ಕೂಲಿನಿಂದ ಪದವಿಯವರೆಗೆ ಸರ್ಕಾರಿ ವಿದ್ಯಾರ್ಥಿ ನಿಲಯಗಳ ಅನ್ನ ಉಂಡು ಬೆಳೆದ ನನಗೆ ಅವೂ ಕ್ಷೇತ್ರದರ್ಶನವೇ. ಶಾಹೂ ಛತ್ರಪತಿಗಳ ಹೆಸರು ನಮ್ಮಲ್ಲಿ ಕೇಳಿಬರುವುದು ಹೆಚ್ಚಾಗಿ ಮೀಸಲಾತಿಯ ಚರ್ಚೆಯಲ್ಲಿ. 1902ರ ಜುಲೈ 26ರಂದು, ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆಂದು ಇಂಗ್ಲೆಂಡಿನಲ್ಲಿದ್ದಾಗಲೇ, ತೆರವಾಗುವ ಹುದ್ದೆಗಳಲ್ಲಿ ಶೇ 50ನ್ನು ಹಿಂದುಳಿದವರಿಗೆ ಮೀಸಲಿಟ್ಟ ಅವರ ಆದೇಶ ಪ್ರಸಿದ್ಧವಾದದ್ದು. ಆದರೆ ಆ ಹುದ್ದೆಗಳಿಗೆ ಅರ್ಹರಾದ ಹುಡುಗರು ಎಲ್ಲಿಂದ ಬರಬೇಕಿತ್ತು? ಶಾಹೂ ಕಟ್ಟಿಸಿದ ಹಾಸ್ಟೆಲುಗಳ ಮಹತ್ವ ತಿಳಿಯುವುದು ಈ ಪ್ರಶ್ನೆ ಕೇಳಿಕೊಂಡಾಗ.

ಕಾಗಲ್‌ನ ಘಾಟಗೆ ಮನೆತನದಲ್ಲಿ 1874ರ ಜೂನ್ 26ರಂದು ಹುಟ್ಟಿದ ಯಶವಂತರಾವ್, 1884ರಲ್ಲಿ ದತ್ತುಪುತ್ರನಾಗಿ ಕೊಲ್ಹಾಪುರದ ಅರಮನೆ ಸೇರಿ ಶಾಹೂ ಆದರು. ರಾಜಕೋಟದಲ್ಲಿ ಓದಿದ ಮೇಲೆ ಅವರ ಶಿಕ್ಷಣ ಮುಂದುವರಿದದ್ದು ನಮ್ಮ ಧಾರವಾಡದಲ್ಲಿ, ಸ್ಟುವರ್ಟ್ ಫ್ರೇಜರ್ ಎಂಬ ಅಧಿಕಾರಿಯ ಕೈಕೆಳಗೆ. ಇದೇ ಫ್ರೇಜರ್ ಮುಂದೆ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರಿಗೂ ಗುರುವಾದರು. ಮಿಲ್ಲರ್ ಸಮಿತಿಯ ಮೂಲಕ ಹಿಂದುಳಿದವರಿಗೆ ಸರ್ಕಾರಿ ಕೆಲಸದ ಬಾಗಿಲು ತೆರೆದ ನಾಲ್ವಡಿಯವರೂ ಶಾಹೂ ಅವರೂ ಒಬ್ಬನೇ ಗುರುವಿನ ಶಿಷ್ಯರೆಂಬುದು ನನಗೆ ಸದಾ ಕುತೂಹಲದ ಸಂಗತಿ. ಎಲ್ಲವೂ ಗುರುವಿನ ಪ್ರಭಾವವೆಂದು ಹೇಳುವಷ್ಟು ಧೈರ್ಯ ನನಗಿಲ್ಲ.

1894ರ ಏಪ್ರಿಲ್ 2ರಂದು ಅಧಿಕಾರ ವಹಿಸಿಕೊಂಡಾಗ ಸಂಸ್ಥಾನದ ಸಾಮಾನ್ಯ ಆಡಳಿತದ 71 ಹುದ್ದೆಗಳಲ್ಲಿ 60 ಬ್ರಾಹ್ಮಣರ ಕೈಯಲ್ಲಿದ್ದವು. ಕೆಲವೇ ವರ್ಷಗಳಲ್ಲಿ ವೇದೋಕ್ತ ವಿವಾದ ಎದ್ದಿತು. ಪಂಚಗಂಗೆಯಲ್ಲಿ ಸ್ನಾನ ಮಾಡುವಾಗ ಪುರೋಹಿತರು ತಮಗೆ ವೇದಮಂತ್ರ ಹೇಳದೆ ಪುರಾಣಮಂತ್ರ ಹೇಳುತ್ತಿದ್ದುದು ಮಹಾರಾಜರಿಗೆ ಗೊತ್ತಾಯಿತು. ಅವರ ಸುಧಾರಣೆಗಳೆಲ್ಲ ಈ ಅವಮಾನಕ್ಕೆ ತೀರಿಸಿಕೊಂಡ ಸೇಡು ಎಂದು ಬರೆದವರಿದ್ದಾರೆ. ಈ ಮಾತನ್ನು ನಾನು ಒಪ್ಪಲಾರೆ. ಎಲ್ಲ ಜಾತಿಯ ವಿದ್ಯಾರ್ಥಿಗಳಿಗಾಗಿ ಅವರು ಕೊಲ್ಹಾಪುರದಲ್ಲಿ ವಸತಿ ನಿಲಯ ತೆರೆದದ್ದು 1896ರಲ್ಲಿ, ವಿವಾದಕ್ಕೆ ಮುಂಚೆಯೇ.

ಆ ಕಾಲದ ಹಳ್ಳಿಯ ಹುಡುಗನ ಸ್ಥಿತಿಯನ್ನು ಊಹಿಸಿಕೊಳ್ಳಬೇಕು. ಪ್ರಾಥಮಿಕ ಹಂತ ದಾಟಿದರೆ ಮುಂದಿನ ಓದಿಗೆ ರಾಜಧಾನಿಗೇ ಬರಬೇಕು. ಬಡ ಬ್ರಾಹ್ಮಣ ಹುಡುಗನಿಗೆ ವಾರಾನ್ನದ ಆಸರೆಯಿತ್ತು. ದಿನಕ್ಕೊಂದು ಮನೆಯಲ್ಲಿ ಉಂಡು, ಯಾವುದಾದರೂ ಜಗಲಿಯಲ್ಲಿ ಮಲಗಿ ಓದು ಮುಗಿಸಬಹುದಿತ್ತು. ಒಕ್ಕಲಿನವನ ಮಗನಿಗೆ, ಕುರುಬರ ಹುಡುಗನಿಗೆ ಅಂಥ ಮನೆಗಳು ಪೇಟೆಯಲ್ಲಿ ಎಲ್ಲಿದ್ದವು? ಅಸ್ಪೃಶ್ಯರ ಮಕ್ಕಳಿಗಂತೂ ಬಾಡಿಗೆಗೆ ಒಂದು ಮೂಲೆಯೂ ಸಿಗುತ್ತಿರಲಿಲ್ಲ. ಶಾಲೆಯ ಬಾಗಿಲು ತೆರೆದಿದ್ದರೂ ಒಳಗೆ ಬರುವವನಿಗೆ ರಾತ್ರಿ ತಲೆಯೂರಲು ನೆಲೆಯಿರಲಿಲ್ಲ.

1896ರ ಪ್ರಯೋಗ ಸೋತಿತು. ಎಲ್ಲರಿಗೆಂದು ತೆರೆದ ನಿಲಯದಲ್ಲಿ ಕೆಲವೇ ವರ್ಷಗಳಲ್ಲಿ ಬ್ರಾಹ್ಮಣ ವಿದ್ಯಾರ್ಥಿಗಳು ಮಾತ್ರ ಉಳಿದರು. ಶಾಹೂ ದಾರಿ ಬದಲಿಸಿ, ಒಂದೊಂದು ಸಮುದಾಯಕ್ಕೆ ಒಂದೊಂದು ನಿಲಯ ಕೊಡಲು ನಿರ್ಧರಿಸಿದರು. 1901ರಲ್ಲಿ ವಿಕ್ಟೋರಿಯಾ ಮರಾಠಾ ಬೋರ್ಡಿಂಗ್ ತೆರೆಯಿತು. ಅದೇ ವರ್ಷ ಜೈನರದ್ದು. ಮುಸ್ಲಿಮರಿಗೆ, ಲಿಂಗಾಯತರಿಗೆ ಒಂದಾದ ಮೇಲೊಂದು ಬಂದವು. 1908ರಲ್ಲಿ ಅಸ್ಪೃಶ್ಯ ವಿದ್ಯಾರ್ಥಿಗಳಿಗಾಗಿ ತೆರೆದ ನಿಲಯಕ್ಕೆ ಮುಂಬಯಿ ಗವರ್ನರರ ಮಗಳು ಮಿಸ್ ಕ್ಲಾರ್ಕ್ ಹೆಸರಿಟ್ಟರು. ಅರಸರು ಜಾಗ ಮತ್ತು ಅನುದಾನ ಕೊಟ್ಟರೆ, ನಡೆಸುವ ಹೊಣೆ ಸಮುದಾಯದ ಹಿರಿಯರದು. ಅವರ ಕಾಲ ಮುಗಿಯುವ ಹೊತ್ತಿಗೆ ಇಂಥ ನಿಲಯಗಳ ಸಂಖ್ಯೆ 20ರ ಆಸುಪಾಸಿನಲ್ಲಿತ್ತು. 1912ರ ವೇಳೆಗೆ ಆಡಳಿತದ 95 ಹುದ್ದೆಗಳಲ್ಲಿ ಬ್ರಾಹ್ಮಣರು 35 ಮಂದಿ ಮಾತ್ರ.

ಜಾತಿಗೊಂದು ಹಾಸ್ಟೆಲು ಜಾತಿಯನ್ನೇ ಗಟ್ಟಿಗೊಳಿಸಲಿಲ್ಲವೇ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಅದಕ್ಕೆ ಅಲ್ಲಿಯದೇ ಸಾಕ್ಷ್ಯವಿದೆ. ಕುಂಭೋಜದ ಭಾವುರಾವ್ ಪಾಟೀಲ ಎಂಬ ಹುಡುಗ ಜೈನ ಬೋರ್ಡಿಂಗಿನಲ್ಲಿದ್ದ. ಮಿಸ್ ಕ್ಲಾರ್ಕ್ ನಿಲಯದ ಸಮಾರಂಭಕ್ಕೆ ಹೋಗಿ ಬಂದವನು ಸ್ನಾನ ಮಾಡಿ ಶುದ್ಧನಾಗಿ ಒಳಗೆ ಬರಬೇಕೆಂದರು. ಹುಡುಗ ಒಪ್ಪಲಿಲ್ಲ, ಅವನನ್ನು ಹೊರಹಾಕಿದರು. ಶಾಹೂ ಕೊಟ್ಟ ಜಾಗದಲ್ಲಿಯೇ ಮಡಿ ಮೈಲಿಗೆ ಹೀಗೆ ನೆಲೆಯೂರಿತ್ತು. ಆದರೂ ಒಂದೇ ಸೂರಿನಡಿ ಎಲ್ಲರೂ ಬಾಳುವ ದಿನಕ್ಕಾಗಿ ಕಾದಿದ್ದರೆ ಒಂದು ತಲೆಮಾರಿನ ಓದು ಕೈತಪ್ಪುತ್ತಿತ್ತು ಎಂಬ ಅವರ ಲೆಕ್ಕಾಚಾರ ನನಗೆ ಸರಿಯೆನಿಸುತ್ತದೆ. ಇಂದಿಗೂ ಪಿಯುಸಿ ಓದಲು ತಾಲ್ಲೂಕು ಕೇಂದ್ರಕ್ಕೆ ಬರುವ ಹಳ್ಳಿಯ ಹುಡುಗಿಯ ತಂದೆ ಕಾಲೇಜಿನ ಸೀಟಿಗಿಂತ ಮೊದಲು ವಿಚಾರಿಸುವುದು ಹಾಸ್ಟೆಲಿನ ಸೀಟನ್ನು.

ಅರಸರೂ ನಿಂತಲ್ಲೇ ನಿಲ್ಲಲಿಲ್ಲ. 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತ ಹಾಗೂ ಕಡ್ಡಾಯವೆಂದು ಸಾರಿ, ಮಕ್ಕಳನ್ನು ಶಾಲೆಗೆ ಕಳುಹಿಸದ ಪಾಲಕರಿಗೆ ತಿಂಗಳಿಗೆ ಒಂದು ರೂಪಾಯಿ ದಂಡ ಗೊತ್ತುಮಾಡಿದರು. 1919ರಲ್ಲಿ ಅಸ್ಪೃಶ್ಯರ ಪ್ರತ್ಯೇಕ ಶಾಲೆಗಳನ್ನು ಮುಚ್ಚಿಸಿ ಎಲ್ಲ ಮಕ್ಕಳನ್ನೂ ಒಂದೇ ಶಾಲೆಯಲ್ಲಿ ಕೂರಿಸುವಂತೆ ಆಜ್ಞಾಪಿಸಿದರು. ಮರುವರ್ಷ ಮಾಣಗಾಂವ್ ಪರಿಷತ್ತಿನಲ್ಲಿ ತರುಣ ಅಂಬೇಡ್ಕರ್ ಅವರ ಪಕ್ಕದಲ್ಲಿ ನಿಂತರು. ಅವರ ‘ಮೂಕನಾಯಕ’ ಪತ್ರಿಕೆಗೆ 2,500 ರೂಪಾಯಿ ಕೊಟ್ಟಿದ್ದರು. 1922ರ ಮೇ 6ರಂದು ಮುಂಬಯಿಯಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ 47 ವರ್ಷ.

ಹೊರಹಾಕಿಸಿಕೊಂಡ ಭಾವುರಾವ್ 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಸ್ಥಾಪಿಸಿದ್ದರು. 1924ರಲ್ಲಿ ಸಾತಾರಾದಲ್ಲಿ ಎಲ್ಲ ಜಾತಿಯ ಹುಡುಗರೂ ಒಟ್ಟಿಗೆ ಉಣ್ಣುವ, ಒಟ್ಟಿಗೆ ಮಲಗುವ ನಿಲಯವೊಂದನ್ನು ತೆರೆದರು. ಅದಕ್ಕೆ ಛತ್ರಪತಿ ಶಾಹೂ ಬೋರ್ಡಿಂಗ್ ಎಂದು ಹೆಸರಾಯಿತು. ಆ ಮಕ್ಕಳ ಊಟಕ್ಕೆ ಕಾಸಿಲ್ಲದಾದಾಗ ಭಾವುರಾವ್ ಅವರ ಪತ್ನಿ ಲಕ್ಷ್ಮೀಬಾಯಿ ಒಂದೊಂದೇ ಒಡವೆ ಮಾರಿ, ಕೊನೆಗೆ ಕೊರಳ ಮಂಗಳಸೂತ್ರವನ್ನೂ ಬಿಚ್ಚಿಕೊಟ್ಟರು.