ಕಾಲರಾ ವಿಷ ಕಂಡುಹಿಡಿದ ಡಾ. ಶಂಭುನಾಥ್ ಡೇ: ಕಲ್ಕತ್ತಾದ ಸಂಶೋಧನೆ ಜಗತ್ತಿಗೆ ಮುಟ್ಟಲು ಯಾಕಿಷ್ಟು ತಡವಾಯಿತು?

ಕಾಲರಾ ರೋಗಾಣುವನ್ನು ಕಂಡುಹಿಡಿದದ್ದು ನಮ್ಮ ದೇಶದ ಡಾಕ್ಟರು, ವಿದೇಶಿಯರು ಸೇರಿಕೊಂಡು ಅವರಿಗೆ ನೊಬೆಲ್ ತಪ್ಪಿಸಿದರು ಎನ್ನುವ ಥರದ ಮೆಸೇಜ್ ನಿಮ್ಮ ಗ್ರೂಪಿಗೆ ಬಂದರೆ, ಫಾರ್ವರ್ಡ್ ಮಾಡುವ ಮುಂಚೆ ಎರಡು ನಿಮಿಷ ನಿಲ್ಲಿ. ಡಾಕ್ಟರು ನಿಜ, ಅವರ ಸಾಧನೆಯೂ ನಿಜ. ಆದರೆ ಅವರು ಕಂಡುಹಿಡಿದದ್ದು ರೋಗಾಣುವನ್ನಲ್ಲ. ಅವರನ್ನು ಗುರುತಿಸದೇ ಹೋದವರು ವಿದೇಶಿಯರು ಮಾತ್ರವೂ ಅಲ್ಲ.

ರೋಗಾಣುವಿನ ಕಥೆ ಹಳೆಯದು. ಇಟಲಿಯ ಫಿಲಿಪ್ಪೊ ಪಾಚಿನಿ 1854ರಲ್ಲೇ ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ್ದರು. ಜರ್ಮನಿಯ ರಾಬರ್ಟ್ ಕಾಖ್ 1884ರಲ್ಲಿ ಕಲ್ಕತ್ತಾಕ್ಕೇ ಬಂದು ಅದನ್ನು ಬೇರ್ಪಡಿಸಿ ಬೆಳೆಸಿದರು. ಈ ರೋಗಾಣು ಯಾವುದೋ ವಿಷ ಬಿಡುತ್ತಿರಬೇಕು ಎಂದು ಕಾಖ್ ಊಹಿಸಿದ್ದರು. ಆ ವಿಷ ಇದೆ ಎಂದು ತೋರಿಸಲು ಅಲ್ಲಿಂದ 75 ವರ್ಷ ಬೇಕಾಯಿತು. ತೋರಿಸಿದವರು ಅದೇ ಕಲ್ಕತ್ತಾದ ಶಂಭುನಾಥ್ ಡೇ.

ಡೇ ಹುಟ್ಟಿದ್ದು 1915ರ ಫೆಬ್ರವರಿ 1ರಂದು, ಬಂಗಾಳದ ಹೂಗ್ಲಿ ಜಿಲ್ಲೆಯ ಗರಿಬಾಟಿ ಎಂಬ ಹಳ್ಳಿಯಲ್ಲಿ. ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿ ಓದಿ 1939ರಲ್ಲಿ ವೈದ್ಯರಾದರು. 1947ರಲ್ಲಿ ಲಂಡನ್ನಿಗೆ ಹೋಗಿ ರಾಯ್ ಕ್ಯಾಮರನ್ ಎಂಬ ಹೆಸರಾಂತ ರೋಗಶಾಸ್ತ್ರಜ್ಞರ ಬಳಿ ಪಿಎಚ್‌ಡಿ ಮಾಡಿದರು. ಅದರ ವಿಷಯ ಕಾಲರಾ ಅಲ್ಲ, ಮಿದುಳಿನಲ್ಲಿ ನೀರು ತುಂಬಿಕೊಳ್ಳುವ ಕಾಯಿಲೆ. 1949ರಲ್ಲಿ ಪದವಿ ಸಿಕ್ಕಿತು. ಊರಿಗೆ ಮರಳಿ ನೀಲರತನ್ ಸರ್ಕಾರ್ ಮೆಡಿಕಲ್ ಕಾಲೇಜು ಸೇರಿದರು.

ಕಾಲರಾ ಬಂದವರಿಗೆ ಅಕ್ಕಿ ತೊಳೆದ ನೀರಿನಂತೆ ಭೇದಿಯಾಗುತ್ತದೆ. ದೇಹದ ನೀರೆಲ್ಲ ಹೋಗಿ ಕೆಲವೇ ಗಂಟೆಗಳಲ್ಲಿ ಮನುಷ್ಯ ಬತ್ತಿ ಹೋಗುತ್ತಾನೆ. ಇದು ಯಾಕೆ ಹೀಗೆ? ಕರುಳಿನ ಒಳಪದರವೇ ಕಿತ್ತುಬರುತ್ತದೆ ಎಂದು ಬಹಳ ಮಂದಿ ನಂಬಿದ್ದರು. ವಿಷ ಹುಡುಕಿದವರು ರೋಗಾಣುವನ್ನು ಪ್ರಾಣಿಗಳ ರಕ್ತಕ್ಕೋ ಹೊಟ್ಟೆಯ ಪೊಳ್ಳಿಗೋ ಚುಚ್ಚಿ, ಪ್ರಾಣಿ ಸಾಯುತ್ತದೆಯೇ ಎಂದು ನೋಡುತ್ತಿದ್ದರು. ಸಾಯುತ್ತಿತ್ತು. ಆದರೆ ಭೇದಿ ಆಗುತ್ತಿರಲಿಲ್ಲ.

ಕಾಯಿಲೆ ಇರುವುದು ಕರುಳಿನಲ್ಲಿ, ಹಾಗಾದರೆ ಕರುಳಲ್ಲೇ ನೋಡಬೇಕು ಎಂದು ಡೇ ಯೋಚಿಸಿದರು. ಮೊಲದ ಸಣ್ಣ ಕರುಳಿನ ಒಂದು ತುಂಡನ್ನು ಎರಡೂ ಕಡೆ ದಾರದಿಂದ ಕಟ್ಟಿದರು. ನಡುವಿನ ಚೀಲದಂಥ ಜಾಗಕ್ಕೆ ಕಾಲರಾ ರೋಗಾಣು ಇರುವ ದ್ರವ ಬಿಟ್ಟು, ಹೊಟ್ಟೆ ಹೊಲಿದು, ಮಾರನೆಯ ದಿನ ತೆರೆದು ನೋಡಿದರು. ಕಟ್ಟಿದ ತುಂಡು ನೀರು ತುಂಬಿ ಉಬ್ಬಿತ್ತು. ಇದಕ್ಕೆ ದುಬಾರಿ ಯಂತ್ರವೇನೂ ಬೇಡ. ಮೊಲ, ದಾರ, ಸೂಜಿ, ಚೆನ್ನಾಗಿ ಪಳಗಿದ ಕೈ ಇದ್ದರೆ ಸಾಕು. 1953ರಲ್ಲಿ ಚಟರ್ಜಿ ಎಂಬ ಸಹೋದ್ಯೋಗಿಯ ಜೊತೆ ಇದನ್ನು ಬ್ರಿಟನ್ನಿನ ರೋಗಶಾಸ್ತ್ರ ಜರ್ನಲ್ ಒಂದರಲ್ಲಿ ಪ್ರಕಟಿಸಿದರು.

ಇಲ್ಲೊಂದು ತಮಾಷೆ ಇದೆ. ಇಂಥದೇ ಪ್ರಯೋಗವನ್ನು ಇಬ್ಬರು ವಿಜ್ಞಾನಿಗಳು 1915ರಲ್ಲೇ, ಅಂದರೆ ಡೇ ಹುಟ್ಟಿದ ವರ್ಷವೇ, ಮಾಡಿ ಫ್ರೆಂಚ್ ಭಾಷೆಯಲ್ಲಿ ಬರೆದಿದ್ದರು. ಅದನ್ನು ಎಲ್ಲರೂ ಮರೆತಿದ್ದರು. ಅಚ್ಚಾದದ್ದೆಲ್ಲ ಓದುವವರ ಕೈಗೆ ಸಿಗುತ್ತದೆ ಎನ್ನುವ ಹಾಗಿಲ್ಲ.

ಮುಂದಿನ ಹೆಜ್ಜೆಯೇ ದೊಡ್ಡದು. ರೋಗಾಣು ಬೆಳೆದ ದ್ರವವನ್ನು ಡೇ ಸೋಸಿದರು. ಸೋಸಿದ ಮೇಲೆ ಅದರಲ್ಲಿ ಒಂದು ರೋಗಾಣುವೂ ಉಳಿದಿಲ್ಲ. ಅದನ್ನು ಕಟ್ಟಿದ ಕರುಳಿಗೆ ಬಿಟ್ಟರೂ ನೀರು ತುಂಬಿತು! ಅಂದರೆ ನೀರು ಸುರಿಸುತ್ತಿದ್ದದ್ದು ರೋಗಾಣು ಹೊರಗೆ ಬಿಟ್ಟ ವಿಷ. 1959ರ ಮೇ 30ರ ನೇಚರ್ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಪುಟ್ಟ ಪ್ರಬಂಧ, ಲೇಖಕರು ಒಬ್ಬರೇ, ವಿಳಾಸ ಕಲ್ಕತ್ತಾದ್ದು. ಅದೇ ವರ್ಷ ಮುಂಬಯಿಯ ಹಾಫ್‌ಕಿನ್ ಸಂಸ್ಥೆಯ ಎನ್.ಕೆ. ದತ್ತ ಮತ್ತು ಸಂಗಡಿಗರು ಮೊಲದ ಮರಿಗಳಲ್ಲಿ ಬೇರೆ ದಾರಿಯಿಂದ ಇಂಥದೇ ಫಲಿತಾಂಶ ಕಂಡು ಅಮೆರಿಕದ ಜರ್ನಲ್‌ನಲ್ಲಿ ಪ್ರಕಟಿಸಿದರು. ಈ ಹೆಸರನ್ನೂ ನಾವು ನೆನೆಯಬೇಕು.

ನೇಚರ್ ಆಗಲೂ ಜಗತ್ತಿನ ದೊಡ್ಡ ವಿಜ್ಞಾನ ಪತ್ರಿಕೆ. ಡೇ ಬರೆದದ್ದು ಇಂಗ್ಲಿಷಿನಲ್ಲಿ. ಹಾಗಿದ್ದರೂ ಆ ಪ್ರಬಂಧ ಮೊದಮೊದಲು ಹೆಚ್ಚಿನವರ ಗಮನಕ್ಕೆ ಬೀಳಲಿಲ್ಲ. ಇದಕ್ಕೆ ಪಿತೂರಿ ಕಾರಣ ಎಂದು ನಮಗೆ ಅನ್ನಿಸುವುದಿಲ್ಲ. ಆಗ ಶ್ರೀಮಂತ ದೇಶಗಳಲ್ಲಿ ಕಾಲರಾ ಮುಗಿದ ಕಥೆ, ಅದು ಬಡವರ ಊರಿನ ಕಾಯಿಲೆ. ಆ ವಿಜ್ಞಾನಿಗಳು ದಿನವೂ ಕಾಫಿ ಕುಡಿಯುವ ಬಳಗದಲ್ಲಿ ಡೇ ಇರಲಿಲ್ಲ. ಪ್ರಬಂಧವನ್ನು ಅಂಚೆಗೆ ಹಾಕಿ ಇವರು ಮತ್ತೆ ಪಾಠ ಮಾಡಲು ಹೋಗುತ್ತಿದ್ದರು. 1961ರಲ್ಲಿ ಇಂಡೋನೇಷ್ಯಾದಿಂದ ಕಾಲರಾದ ಹೊಸ ಅಲೆ ಎದ್ದು ದೇಶದಿಂದ ದೇಶಕ್ಕೆ ಹಬ್ಬತೊಡಗಿದ ಮೇಲೆ ಈ ಕಾಯಿಲೆಯತ್ತ ಎಲ್ಲರ ಕಣ್ಣು ಹೊರಳಿತು. ಆ ವಿಷವನ್ನು ಶುದ್ಧ ರೂಪದಲ್ಲಿ ಬೇರ್ಪಡಿಸುವ ಕೆಲಸ 1969ರಲ್ಲಿ ಅಮೆರಿಕದಲ್ಲಿ ಆಯಿತು. ಅಂಥ ಪ್ರಯೋಗಾಲಯ, ಅಷ್ಟು ದುಡ್ಡು ಇದ್ದ ಕಡೆ ಕೆಲಸ ಮುಂದುವರಿಯಿತು, ಹೆಸರೂ ಅಲ್ಲಿಗೇ ಹೋಯಿತು.

ಹೊರಗಿನವರು ಆಮೇಲಾದರೂ ಗುರುತಿಸಿದರು. 1978ರಲ್ಲಿ ಕಾಲರಾ ಕುರಿತ ನೊಬೆಲ್ ವಿಚಾರ ಸಂಕಿರಣಕ್ಕೆ ಡೇ ಅವರನ್ನು ಕರೆದರು. ಸ್ವತಃ ನೊಬೆಲ್ ಪಡೆದಿದ್ದ ಜೋಶುವಾ ಲೆಡರ್‌ಬರ್ಗ್ ಇವರ ಹೆಸರನ್ನು ನೊಬೆಲ್‌ಗೆ ಒಂದಕ್ಕಿಂತ ಹೆಚ್ಚು ಸಲ ಸೂಚಿಸಿದ್ದರು. ಬಹುಮಾನ ಬರಲಿಲ್ಲ. ಇತ್ತ ನಮ್ಮ ದೇಶದ ಯಾವ ವಿಜ್ಞಾನ ಅಕಾಡೆಮಿಯೂ ಇವರನ್ನು ಫೆಲೋ ಆಗಿ ಆರಿಸಲಿಲ್ಲ. ನಮಗೆ ಹೆಚ್ಚು ನೋವಾಗುವುದು ಇದಕ್ಕೆ. 1973ರಲ್ಲಿ ನಿವೃತ್ತರಾದ ಡೇ 1985ರ ಏಪ್ರಿಲ್ 15ರಂದು ತೀರಿಕೊಂಡರು.

ಇದರಿಂದ ನಮಗೇನು ಎನ್ನುವಿರಾ? ವಿಷವು ಕರುಳಿನಿಂದ ನೀರು ಸುರಿಸುತ್ತದೆಯೇ ಹೊರತು ಒಳಪದರವನ್ನು ಕಿತ್ತು ಹಾಕುವುದಿಲ್ಲ ಎಂಬುದು ಆಮೇಲೆ ಖಚಿತವಾಯಿತು. ಒಳಪದರ ಸರಿಯಿದ್ದರೆ ಸಕ್ಕರೆ ಮತ್ತು ಉಪ್ಪು ಬೆರೆಸಿದ ನೀರನ್ನು ಅದು ಹೀರಿಕೊಳ್ಳಬಲ್ಲದು. ಓಆರ್‌ಎಸ್ ಕೆಲಸ ಮಾಡುವುದು ಹೀಗೆಯೇ. 1971ರ ಯುದ್ಧದ ಕಾಲದಲ್ಲಿ ಬಂಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನೋಬಿಸ್ ಇದನ್ನು ಕೊಟ್ಟಾಗ, ಶೇಕಡಾ 30ರ ಹತ್ತಿರ ಇದ್ದ ಸಾವು ಶೇಕಡಾ 3.6ಕ್ಕೆ ಇಳಿಯಿತು. ಆ ವರದಿ ಜರ್ನಲ್‌ನಲ್ಲಿ ಬಂದದ್ದು 1973ರಲ್ಲಿ. ಭೇದಿಯಾದ ಮಗುವಿಗೆ ನೀರು ಕೊಟ್ಟರೆ ಭೇದಿ ಜಾಸ್ತಿಯಾಗುತ್ತದೆ ಎಂದು ಇವತ್ತಿಗೂ ಹೇಳುವವರಿದ್ದಾರೆ. ಅದು ತಪ್ಪು. ಪ್ಯಾಕೆಟ್ ಮೇಲೆ ಬರೆದಷ್ಟೇ ನೀರಿಗೆ ಓಆರ್‌ಎಸ್ ಕಲಸಿ ಸ್ವಲ್ಪ ಸ್ವಲ್ಪವೇ ಕುಡಿಸುತ್ತಿರಿ. ಮಗು ಸುಸ್ತಾಗಿ ಮಂಪರಿನಲ್ಲಿದ್ದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಬಂಧ ಪ್ರಕಟಿಸುವ ಕಷ್ಟ ಈಗ ಬೇರೆ ರೂಪದಲ್ಲಿದೆ. ಬರೆದದ್ದನ್ನು ಎಲ್ಲರೂ ಪುಕ್ಕಟೆಯಾಗಿ ಓದುವಂತಾಗಬೇಕಾದರೆ ಅನೇಕ ಜರ್ನಲ್‌ಗಳಿಗೆ ಲೇಖಕರೇ ಶುಲ್ಕ ಕಟ್ಟಬೇಕು. ನೇಚರ್ 2021ರಲ್ಲಿ ಈ ವ್ಯವಸ್ಥೆ ಶುರು ಮಾಡಿದಾಗ ಒಂದು ಪ್ರಬಂಧಕ್ಕೆ 9,500 ಯೂರೋ ಗೊತ್ತು ಮಾಡಿತು. ಜಿಲ್ಲಾ ಆಸ್ಪತ್ರೆಯ ಡಾಕ್ಟರು ಅಷ್ಟು ಹಣ ಎಲ್ಲಿಂದ ತರಬೇಕು? ಕಟ್ಟದಿದ್ದರೆ ಓದುವವರು ದುಡ್ಡು ಕೊಡಬೇಕು. ಓದುವ ಖರ್ಚಿಗಾಗಿ ನಮ್ಮ ಕೇಂದ್ರ ಸರ್ಕಾರ 2024ರಲ್ಲಿ ಒಂದು ದೇಶ ಒಂದು ಚಂದಾ ಎಂಬ ಯೋಜನೆಗೆ 6,000 ಕೋಟಿ ರೂಪಾಯಿ ಒಪ್ಪಿಗೆ ಕೊಟ್ಟಿತು. ಅದು ಸರ್ಕಾರಿ ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳವರಿಗೆ.

ಡೇ ತೀರಿಕೊಂಡ ಐದು ವರ್ಷಕ್ಕೆ, 1990ರಲ್ಲಿ, ನಮ್ಮ ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆ ಅವರ ನೆನಪಿಗೆ ವಿಶೇಷ ಸಂಚಿಕೆ ತಂದಿತು. ಅದನ್ನು ನಿಮ್ಮ ಮೊಬೈಲಿನಲ್ಲೇ ಪುಕ್ಕಟೆಯಾಗಿ ಓದಬಹುದು. 1959ರ ಅವರ ಎರಡು ಪುಟಗಳನ್ನು ನೇಚರ್‌ನಲ್ಲಿ ತೆರೆಯಲು ಹೋದರೆ ಮಾತ್ರ ಹಣ ಕಟ್ಟಿ ಎನ್ನುತ್ತದೆ.