ಜನರಲ್ ಸ್ಯಾಮುಯೆಲ್ ಆರ್ಮ್‌ಸ್ಟ್ರಾಂಗರ ಚರಿತ್ರೆ

ಶಾಂತಸಾಗರದ ನಡುವೆ ಹವಾಯಿ ಎಂಬ ದ್ವೀಪಸಮೂಹವುಂಟು. ಅವುಗಳಲ್ಲಿ ಒಂದಾದ ಮಾವಿ ದ್ವೀಪದಲ್ಲಿ 1839ನೆಯ ಇಸವಿ ಜನವರಿ 30ನೆಯ ತಾರೀಖಿನಂದು ಸ್ಯಾಮುಯೆಲ್ ಚಾಪ್ಮನ್ ಆರ್ಮ್‌ಸ್ಟ್ರಾಂಗರು ಜನಿಸಿದರು. ಇವರ ತಂದೆಯವರು ಅಮೇರಿಕದಿಂದ ಬಂದ ಮಿಶನರಿಗಳು. ಮುಂದೆ ಆ ರಾಜ್ಯದ ವಿದ್ಯಾಮಂತ್ರಿಗಳಾದರು. ಅಲ್ಲಿಯ ಮಕ್ಕಳು ಓದುಬರಹದೊಡನೆ ಕೈಕಸುಬನ್ನೂ ಕಲಿಯುತ್ತಿದ್ದ ಶಾಲೆಗಳನ್ನು ಬಾಲಕನು ಕಣ್ಣಾರೆ ಕಂಡನು. ಆ ನೋಟವು ಅವನ ಮನಸ್ಸಿನಲ್ಲಿ ಬೀಜದಂತೆ ಉಳಿಯಿತು.

1860ರಲ್ಲಿ ತಂದೆಯವರು ತೀರಿಕೊಂಡ ತರುವಾಯ ಆರ್ಮ್‌ಸ್ಟ್ರಾಂಗರು ಅಮೇರಿಕಕ್ಕೆ ಹೋಗಿ ವಿಲಿಯಮ್ಸ್ ಕಾಲೇಜನ್ನು ಸೇರಿದರು. ಮರುವರ್ಷವೇ ಗುಲಾಮಗಿರಿಯ ನಿಮಿತ್ತವಾಗಿ ಉತ್ತರದ ಪ್ರಾಂತಗಳಿಗೂ ದಕ್ಷಿಣದ ಪ್ರಾಂತಗಳಿಗೂ ಘೋರವಾದ ಅಂತರ್ಯುದ್ಧವು ಹುಟ್ಟಿತು. 1862ರಲ್ಲಿ ಪದವೀಧರರಾದೊಡನೆ ಇವರು ಟ್ರಾಯ್ ಪಟ್ಟಣದಲ್ಲಿ ಒಂದು ದಂಡನ್ನು ಕೂಡಿಸಿ, ಉತ್ತರದವರ ಪಕ್ಷದಲ್ಲಿ ಕ್ಯಾಪ್ಟನ್ ಪದವಿಯನ್ನು ಪಡೆದರು. ಆಗ ಇವರಲ್ಲಿ ಸ್ವಾತಂತ್ರ್ಯದ ಮೇಲೆ ಪ್ರೀತಿಯಿದ್ದಿತೇ ಹೊರತು ಕಪ್ಪು ಜನರ ಮೇಲೆ ಪ್ರೀತಿ ಇನ್ನೂ ಹುಟ್ಟಿರಲಿಲ್ಲ. ಇದನ್ನು ಇವರೇ ಗೆಳೆಯನಿಗೆ ಬರೆದು ಒಪ್ಪಿಕೊಂಡಿದ್ದರು.

ಮೊದಲ ಅನುಭವವು ಸೋಲಾಗಿತ್ತು. ಆ ಸೆಪ್ಟೆಂಬರಿನಲ್ಲಿ ಹಾರ್ಪರ್ಸ್ ಫೆರಿಯಲ್ಲಿ ಶರಣಾಗತರಾದ ಸುಮಾರು 12,000 ಸೈನಿಕರಲ್ಲಿ ಇವರೂ ಒಬ್ಬರು. ಬಿಡುಗಡೆ ಹೊಂದಿದ ಮೇಲೆ, 1863ರ ಜುಲೈಯಲ್ಲಿ, ಗೆಟ್ಟಿಸ್‌ಬರ್ಗಿನ ಮೂರನೆಯ ದಿನದ ಕಾಳಗದಲ್ಲಿ ಧೈರ್ಯದಿಂದ ಹೋರಾಡಿದರು. ಅದೇ ವರ್ಷದ ಕೊನೆಯಲ್ಲಿ ಕಪ್ಪು ಸೈನಿಕರ ರೆಜಿಮೆಂಟಿನ ನಾಯಕತ್ವವನ್ನು ತಾವಾಗಿಯೇ ವಹಿಸಿಕೊಂಡರು. ಅಂಥ ನಾಯಕರು ಸೆರೆಸಿಕ್ಕಿದರೆ ಮರಣದಂಡನೆಯನ್ನು ವಿಧಿಸಬಹುದೆಂದು ದಕ್ಷಿಣದ ಸರಕಾರವು ಸಾರಿತ್ತು.

ಈ ಸೈನಿಕರೇ ಇವರಿಗೆ ಗುರುಗಳಾದರೆಂದು ಹೇಳಬೇಕು. ಗುಲಾಮಗಿರಿಯಲ್ಲಿ ಅಕ್ಷರವನ್ನೇ ಕಾಣದ ಜನರು ಪಾಳೆಯದಲ್ಲಿ ಬಿಡುವು ಸಿಕ್ಕಿದಾಗ ಪುಸ್ತಕ ಹಿಡಿದು ಕುಳಿತುಕೊಳ್ಳುತ್ತಿದ್ದರು. ಪೀಟರ್ಸ್‌ಬರ್ಗಿನ ಮುತ್ತಿಗೆಯಲ್ಲಿ ಅವರ ಶೌರ್ಯವನ್ನೂ ಕಂಡು ಆರ್ಮ್‌ಸ್ಟ್ರಾಂಗರ ಮನಸ್ಸು ಮಾರ್ಪಟ್ಟಿತು. 1865ರಲ್ಲಿ ಯುದ್ಧವು ಮುಗಿದು, 26ನೆಯ ವಯಸ್ಸಿನಲ್ಲಿ ಬ್ರಿಗೇಡಿಯರ್ ಜನರಲ್ ಎಂಬ ಗೌರವಪದವಿಯೊಡನೆ ಇವರು ಸೈನ್ಯವನ್ನು ಬಿಟ್ಟರು.

1866ರಲ್ಲಿ, ಬಿಡುಗಡೆಯಾದ ಗುಲಾಮರ ಕ್ಷೇಮಕ್ಕಾಗಿ ಏರ್ಪಟ್ಟಿದ್ದ ಸರಕಾರಿ ಇಲಾಖೆಯು ಇವರನ್ನು ವರ್ಜೀನಿಯದ ಹ್ಯಾಂಪ್ಟನ್ನಿಗೆ ಕಳುಹಿಸಿತು. ಯುದ್ಧಕಾಲದಲ್ಲಿ ಸಮೀಪದ ಮನ್ರೋ ಕೋಟೆಯ ಆಶ್ರಯವನ್ನು ಬೇಡಿ ಬಂದ ಸಹಸ್ರಾರು ಜನರು ಅಲ್ಲಿ ಗುಡಿಸಲುಗಳಲ್ಲಿ ವಾಸಿಸುತ್ತಿದ್ದರು. 1861ರಲ್ಲಿಯೇ ಮೇರಿ ಪೀಕ್ ಎಂಬ ಕಪ್ಪು ಮಹಿಳೆಯು ಅಲ್ಲಿ ಓಕ್ ಮರದ ನೆರಳಿನಲ್ಲಿ ಪಾಠ ಹೇಳಲಾರಂಭಿಸಿದ್ದಳು. ಅನ್ನವನ್ನು ಹಂಚಿದರೆ ಒಂದು ದಿನದ ಹಸಿವು ತೀರುವುದು. ಆ ಜನರೊಳಗಿಂದಲೇ ಉಪಾಧ್ಯಾಯರು ಹೊರಟರೆ ಜನಾಂಗವೇ ಏಳುವುದೆಂದು ಆರ್ಮ್‌ಸ್ಟ್ರಾಂಗರು ಯೋಚಿಸಿದರು. ಅಮೇರಿಕನ್ ಮಿಶನರಿ ಸಂಘದ ಸಹಾಯದಿಂದ 1868ರ ಏಪ್ರಿಲಿನಲ್ಲಿ ಹ್ಯಾಂಪ್ಟನ್ ಶಾಲೆಯು ತೆರೆಯಿತು.

ಅಲ್ಲಿ ಹುಡುಗರೂ ಹುಡುಗಿಯರೂ ಹೊಲ, ಅಡಿಗೆಮನೆ, ಹೊಲಿಗೆಗಳಲ್ಲಿ ದುಡಿದು ತಮ್ಮ ವೆಚ್ಚವನ್ನು ತೀರಿಸುತ್ತಿದ್ದರು. ಹುಡುಗಿಯರಿಗೆ ವಸತಿಗೃಹವು ಬೇಕಾದಾಗ ವಿದ್ಯಾರ್ಥಿಗಳು 1873ರಲ್ಲಿ ಮೇಳಕಟ್ಟಿ, ಉತ್ತರದ ಪಟ್ಟಣಗಳಲ್ಲಿ ತಮ್ಮ ಹಿರಿಯರ ಹಾಡುಗಳನ್ನು ಹಾಡಿ ಹಣ ಕೂಡಿಸಿದರು. ವರ್ಜೀನಿಯ ಹಾಲ್ ಎಂಬ ಆ ಕಟ್ಟಡವು ಹೀಗೆ ಎದ್ದಿತು. 1872ರಲ್ಲಿ ಬಹುದೂರ ನಡೆದು, ಹಸಿದು ಬಂದ ಬೂಕರ್ ವಾಷಿಂಗ್ಟನ್ ಎಂಬ ಹುಡುಗನಿಗೆ ಕೊಠಡಿಯನ್ನು ಗುಡಿಸುವುದೇ ಪ್ರವೇಶಪರೀಕ್ಷೆಯಾಯಿತು. 1881ರಲ್ಲಿ ಅಲಬಾಮದ ಟಸ್ಕೀಗಿಯವರು ತಮ್ಮ ಹೊಸ ಶಾಲೆಗೆ ಬಿಳಿಯ ಮುಖ್ಯೋಪಾಧ್ಯಾಯರನ್ನು ಬಯಸಿದಾಗ ಆರ್ಮ್‌ಸ್ಟ್ರಾಂಗರು ಈತನ ಹೆಸರನ್ನೇ ಕಳುಹಿಸಿದರು.

ಇವರ ಕುಂದುಗಳನ್ನೂ ನಾವು ಮರೆಮಾಚಲಾಗದು. ಕಪ್ಪು ಜನರು ರಾಜಕೀಯ ಹಕ್ಕುಗಳಿಗೆ ಅವಸರಪಡದೆ ಮೊದಲು ದುಡಿಮೆಯನ್ನು ಕಲಿಯಲಿ ಎಂಬುದು ಇವರ ಮತ. ಇದರಿಂದ ಆ ಜನಕ್ಕೆ ನ್ಯಾಯವು ತಡವಾಯಿತೆಂದು ಅನಂತರದ ವಿದ್ವಾಂಸರು ಆಕ್ಷೇಪಿಸಿರುವರು. 1878ರಿಂದ ಅಮೇರಿಕದ ಮೂಲನಿವಾಸಿಗಳ ಮಕ್ಕಳನ್ನೂ ಹ್ಯಾಂಪ್ಟನ್ನಿಗೆ ತರಲಾಯಿತು. ಅವರಿಂದ ಅವರ ಭಾಷೆಯನ್ನೂ ಉಡುಪನ್ನೂ ಬಿಡಿಸಿದರು. ರೋಗಕ್ಕೆ ತುತ್ತಾದ ಕೆಲವರು ತಾಯಿತಂದೆಗಳ ಮುಖವನ್ನು ಮತ್ತೆ ಕಾಣದೆ ಅಲ್ಲಿಯೇ ಮಣ್ಣಾದರು. ಒಬ್ಬರಿಗೆ ಉಪಕಾರ ಮಾಡುವವನು ಮೊದಲು ಅವರ ಮಾತನ್ನು ಕೇಳಬೇಕೆಂಬುದನ್ನು ಪಾಳೆಯದಲ್ಲಿ ಕಲಿತವರು ಇಲ್ಲಿ ಮರೆತರೆಂದು ನಮಗೆ ತೋರುತ್ತದೆ.

1891ರಲ್ಲಿ ಪಾರ್ಶ್ವವಾಯು ಬಡಿಯಿತು. 1893ನೆಯ ಇಸವಿ ಮೇ 11ರಂದು ಹ್ಯಾಂಪ್ಟನ್ನಿನಲ್ಲಿಯೇ ಇವರು ಕಾಲವಾದರು. ಇವರು ಬರೆದಿಟ್ಟಿದ್ದ ಪತ್ರದಂತೆ ಶಾಲೆಯ ಸ್ಮಶಾನದಲ್ಲಿ, ಮುಂದೆ ತೀರಿಹೋಗುವ ವಿದ್ಯಾರ್ಥಿಗೆ ಯಾವ ಸ್ಥಳವು ಸಲ್ಲುತ್ತಿತ್ತೋ ಅದೇ ಸ್ಥಳದಲ್ಲಿ ಇವರನ್ನು ಮಣ್ಣುಮಾಡಿದರು. ಆ ಶಾಲೆಯು ಈಗ ವಿಶ್ವವಿದ್ಯಾಲಯವಾಗಿದೆ.

ಅದೇ ಪತ್ರದಲ್ಲಿ ತಮ್ಮ ಚರಿತ್ರೆಯನ್ನು ಯಾರೂ ಬರೆಯಬಾರದೆಂದೂ ಕೇಳಿಕೊಂಡಿದ್ದರು. ಸ್ನೇಹಿತರು ಬರೆದರೆ ಕಥೆಯು ಚೆನ್ನಾಗಿದ್ದೀತು, ಆದರೆ ಪೂರ್ಣ ಸತ್ಯವಾಗಲಾರದೆಂಬುದು ಅವರ ಭಯ. ಪ್ರಿಯ ವಿದ್ಯಾರ್ಥಿನಿಯರೇ, ನಾವು ಆ ಮಾತನ್ನು ಮೀರಿ ಬರೆದಿರುವೆವು. ಆದಕಾರಣವೇ ಒಳ್ಳೆಯದರೊಂದಿಗೆ ಕುಂದನ್ನೂ ನಿಮ್ಮ ಮುಂದಿಟ್ಟಿರುವೆವು. ನಿಮ್ಮಲ್ಲಿ ಅನೇಕರು ಮುಂದೆ ಉಪಾಧ್ಯಾಯಿನಿಯರಾಗುವಿರಿ, ಎರಡನ್ನೂ ನೆನಪಿನಲ್ಲಿಡಿರಿ.